ಹಲ್ಲು ಎಣಿಸುವ ಮೊದಲು ನಟ್ಟು ನೋಡು

ಮಗಾ, ಐಟಿಐ ಮುಗಿಸಿ ಹಿರಿಯೂರಿನಲ್ಲಿ ಗ್ಯಾರೇಜ್ ಹಾಕಬೇಕು ಅಂತ ಹೊರಟಿದ್ದೀಯ. ಸಂತೋಷ. ನೀನು ಕಳಿಸಿದ ಸಾಮಾನಿನ ಪಟ್ಟಿಯನ್ನೂ ನೋಡಿದೆ. ಎಲ್ಲಕ್ಕಿಂತ ಮೇಲೆ ಬರೆದಿರುವುದು ಎರಡೂ ಕಡೆ ತಿರುಗುವ ರ್‍ಯಾಚೆಟ್ ಸ್ಪ್ಯಾನರ್ ಸೆಟ್. ಅದು ಬೇಡ ಅನ್ನುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ನಿನ್ನ ಕೈಗೆ ಬರಲೇಬೇಕಾದ ಸಾಮಾನು ಅದು. ಆದರೆ ಪಟ್ಟಿಯಲ್ಲಿ ಅದರ ಜಾಗ ಮೊದಲನೆಯದಲ್ಲ, ಮೂರನೆಯದು. ಮೊದಲು ಒಳ್ಳೆಯ ಗಟ್ಟಿ ರಿಂಗ್ ಸ್ಪ್ಯಾನರ್ ಮತ್ತು ಬಾಯಿ ಸ್ಪ್ಯಾನರ್, ಆಮೇಲೆ ಉದ್ದ ಹಿಡಿಯ ಜೊತೆ ಸಾಕೆಟ್ ಸೆಟ್, ಅವೆರಡೂ ಪೆಟ್ಟಿಗೆಯಲ್ಲಿ ಕೂತ ಮೇಲೆ ರ್‍ಯಾಚೆಟ್. ಈ ಕ್ರಮ ಯಾಕೆ ಅನ್ನುವುದು ತಿಳಿದರೆ ಒಳ್ಳೆಯ ಸೆಟ್ ಯಾವುದು ಅನ್ನುವುದು ಅರ್ಧ ತಿಳಿದ ಹಾಗೆ.

ರ್‍ಯಾಚೆಟ್ ಸ್ಪ್ಯಾನರಿನ ತಲೆಯೊಳಗೆ ಏನಿದೆ ಅಂತ ಮೊದಲು ಮನಸ್ಸಿನಲ್ಲಿ ಬಿಡಿಸಿ ನೋಡು. ನಟ್ಟನ್ನು ಹಿಡಿಯುವ ಉಂಗುರ ಒಂದು, ಅದರ ಹೊರಮೈಗೆ ಸುತ್ತಲೂ ಸಣ್ಣ ಹಲ್ಲು. ಆ ಹಲ್ಲಿಗೆ ಆನಿಕೊಂಡು ನಿಲ್ಲುವ ಒಂದು ಪುಟ್ಟ ನಾಲಿಗೆ, ನಾಲಿಗೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಸೈಕಲ್ಲಿನ ಫ್ರೀವೀಲಿನೊಳಗೆ ಇರುವಂಥದ್ದೇ ಏರ್ಪಾಡು. ನೀನು ಹಿಡಿಯ ಮೇಲೆ ಹಾಕುವ ಬಲವೆಲ್ಲ ಆ ನಾಲಿಗೆಯ ಕೆಲವೇ ಹಲ್ಲುಗಳ ಮೂಲಕ ನಟ್ಟಿಗೆ ಹೋಗಬೇಕು. ಗಟ್ಟಿ ರಿಂಗಿನಲ್ಲಿ ಆ ಬಲವನ್ನು ಹೊರುವುದು ಇಡೀ ತಲೆ. ಹಾಗಾಗಿ ರ್‍ಯಾಚೆಟ್ ಇರುವುದು ನಟ್ಟನ್ನು ಓಡಿಸುವುದಕ್ಕೆ. ತುಕ್ಕು ಹಿಡಿದು ಕೂತ ನಟ್ಟನ್ನು ಕದಲಿಸುವ ಮೊದಲ ಏಟು, ಜೋಡಿಸುವಾಗ ಕೊಡುವ ಕೊನೆಯ ಬಿಗಿ, ಇವೆರಡೂ ಗಟ್ಟಿ ರಿಂಗಿನ ಕೆಲಸ. ನಡುವಿನ ಇಪ್ಪತ್ತು ಮೂವತ್ತು ಸುತ್ತು ರ್‍ಯಾಚೆಟ್‌ನದು. ಇದನ್ನು ಮರೆತವರ ಪೆಟ್ಟಿಗೆಯಲ್ಲಿ ಹಲ್ಲು ಜಾರುವ ಸ್ಪ್ಯಾನರುಗಳೇ ತುಂಬಿರುತ್ತವೆ, ಎಷ್ಟು ಒಳ್ಳೆಯ ಕಂಪನಿಯದು ತಂದರೂ.

ಹಾಗಾದರೆ ಅದರಿಂದ ಲಾಭವೇನು ಅಂತ ಕೇಳಬಹುದು. ಹನ್ನೆರಡು ಮೂಲೆಯ ಸಾಮಾನ್ಯ ರಿಂಗ್ ಒಂದು ಸಲ ಕೂತ ಮೇಲೆ ಮುಂದಿನ ಹಿಡಿತಕ್ಕೆ 30 ಡಿಗ್ರಿ ತಿರುಗಲೇಬೇಕು. ತಿರುಗಿಸಿ, ತೆಗೆದು, ಮತ್ತೆ ಕೂರಿಸಬೇಕು. 72 ಹಲ್ಲಿನ ರ್‍ಯಾಚೆಟ್‌ಗೆ 5 ಡಿಗ್ರಿ ಆಡಿದರೆ ಸಾಕು, ನಟ್ಟಿನಿಂದ ತೆಗೆಯುವ ಮಾತೇ ಇಲ್ಲ. ಚಾಸಿಗೂ ಎಂಜಿನ್ನಿಗೂ ನಡುವೆ ಎರಡು ಬೆರಳು ಹೋಗುವ ಸಂದಿಯಲ್ಲಿ ಕೆಲಸ ಮಾಡುವವನಿಗೆ ಈ 25 ಡಿಗ್ರಿ ಉಳಿತಾಯದ ಬೆಲೆ ಗೊತ್ತು. ಈ ಬಗೆಯ ಸ್ಪ್ಯಾನರ್ ಜಗತ್ತಿನ ಗ್ಯಾರೇಜುಗಳಲ್ಲಿ ಹರಡಿದ್ದು 1990ರ ದಶಕದ ಕೊನೆಯಿಂದ ಈಚೆಗೆ. ಇವತ್ತಿಗೂ ಒಳ್ಳೆಯ ಮಾಲು ಹೆಚ್ಚಾಗಿ ಬರುವುದು ತೈವಾನ್‌ನಿಂದ.

ಈಗ ನಮ್ಮ ನಾಲ್ಕು ತಾಲ್ಲೂಕಿನ ನಟ್ಟುಗಳ ವಿಷಯಕ್ಕೆ ಬರೋಣ. ಸೆಟ್ ಆರಿಸುವುದು ಅಂಗಡಿಯಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಪ್ರಕಾರ ಅದನ್ನು ಆರಿಸಬೇಕಾದದ್ದು ಹೊಲದಲ್ಲಿ, ರಸ್ತೆ ಬದಿಯಲ್ಲಿ, ನಿನ್ನ ಹತ್ತಿರ ಕೆಲಸಕ್ಕೆ ಬರುವ ಯಂತ್ರದ ಪಕ್ಕದಲ್ಲಿ ನಿಂತು.

ಹೊಸದುರ್ಗದ ಕಡೆಯ ರೋಟಾವೇಟರ್ ತೆಗೆದುಕೋ. ಆರಡಿಯದಾದರೆ ಸಾಮಾನ್ಯವಾಗಿ 42 ಬ್ಲೇಡು. ಒಂದು ಬ್ಲೇಡಿಗೆ ಎರಡು ಬೋಲ್ಟು, ಅಂದರೆ 84 ನಟ್ಟು. ಮುಂಗಾರಿಗೆ ಮುಂಚೆ ಬ್ಲೇಡು ಬದಲಿಸುವ ಕಾಲಕ್ಕೆ ರೈತ ಬಂದು ನಿಂತರೆ ಅವನಿಗೆ ಸಂಜೆಯೊಳಗೆ ಬೇಕು. ಕೆಂಪು ಮಣ್ಣು ನಟ್ಟಿನ ಸುತ್ತ ಗಟ್ಟಿ ಕಟ್ಟಿರುತ್ತದೆ. ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಿ ಮಣ್ಣು ತೆಗೆ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಡು. ಗಟ್ಟಿ ರಿಂಗ್ ಹಾಕಿ 84ನ್ನೂ ಒಂದೊಂದು ಕಾಲು ಸುತ್ತು ಸಡಿಲ ಮಾಡಿಕೊಂಡು ಹೋಗು. ಬೋಲ್ಟಿನ ತಲೆಯನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿ, ಇಲ್ಲದಿದ್ದರೆ ಬೋಲ್ಟೂ ಜೊತೆಗೆ ಸುತ್ತುತ್ತದೆ. ಆಮೇಲೆ ರ್‍ಯಾಚೆಟ್ ತೆಗೆದುಕೋ. ಬ್ಲೇಡಿನ ಬಾಗಿಗೂ ಫ್ಲ್ಯಾಂಜಿಗೂ ನಡುವೆ ಹಿಡಿ ಪೂರ್ತಿ ತಿರುಗಲು ಜಾಗ ಇಲ್ಲದ ಕಡೆ ಅದು ಎಷ್ಟು ಹೊತ್ತು ಉಳಿಸುತ್ತದೆ ಅನ್ನುವುದು ಮೊದಲ ಸಾಲಿನ ಆರು ಬ್ಲೇಡಿಗೇ ಗೊತ್ತಾಗುತ್ತದೆ. ಈ ನಟ್ಟುಗಳ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. 8ರಿಂದ 19 ಮಿಲಿಮೀಟರ್‌ವರೆಗಿನ ಸೆಟ್ ತಂದು, ಬಂದ ರೋಟಾವೇಟರಿನದು ಅದಕ್ಕಿಂತ ದೊಡ್ಡದು ಅಂತ ಗೊತ್ತಾದರೆ ಸೆಟ್ಟು ಗೋಡೆಗೆ ಅಂದ. ಅದಕ್ಕೇ ಮೊದಲು ಅಳೆ ಅನ್ನುವುದು.

ಬೋರ್‌ವೆಲ್ ಕೆಲಸ ಇನ್ನೊಂದು. ನಮ್ಮ ಸೀಮೆಯಲ್ಲಿ ಇದು ಬಿಡದ ಕೆಲಸ. ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ 89 ವರ್ಷಗಳ ನಡುವೆ ಬೋರು ಕೊರೆದು ಕೊರೆದು ನೀರು ಹುಡುಕಿದ ತೋಟಗಳಲ್ಲಿ ಪಂಪುಗಳು ಎಷ್ಟು ಆಳಕ್ಕೆ ಇಳಿದವು ಅನ್ನುವುದನ್ನು ನೀನೂ ಕಂಡಿದ್ದೀಯ. 600 ಅಡಿಗೆ ಬಿಟ್ಟ ಪಂಪನ್ನು ಎತ್ತಬೇಕಾದರೆ 20 ಅಡಿಯ 30 ಪೈಪು ಒಂದೊಂದಾಗಿ ಮೇಲೆ ಬರಬೇಕು. ಪ್ರತಿ ಪೈಪಿಗೂ ಒಂದು ಕ್ಲಾಂಪು ಕಟ್ಟು, ಇನ್ನೊಂದು ಬಿಚ್ಚು. ಕ್ಲಾಂಪಿನ ಬೋಲ್ಟು ಉದ್ದ. ನಟ್ಟಿನಿಂದಾಚೆಗೆ ಎರಡು ಮೂರು ಇಂಚು ದಾರ ಚಾಚಿಕೊಂಡಿರುತ್ತದೆ, ಸಾಕೆಟ್ಟು ಅದನ್ನು ನುಂಗುವುದಿಲ್ಲ. ರ್‍ಯಾಚೆಟ್ ರಿಂಗಿನ ನಡುವೆ ತೂತು ಇರುವುದರಿಂದ ಬೋಲ್ಟು ಅದರೊಳಗಿಂದ ತೂರಿಕೊಂಡು ಹೋಗುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ನಾನು ಕಂಡಿಲ್ಲ.

ಆದರೆ ಒಂದು ಮಾತು ಕಿವಿಯಲ್ಲಿ ಇಟ್ಟುಕೋ. 600 ಅಡಿ ಕಬ್ಬಿಣದ ಪೈಪು, ಪಂಪು, ಪೈಪಿನೊಳಗಿನ ನೀರು ಸೇರಿದರೆ ಅರ್ಧ ಟನ್ನಿಗೂ ಹೆಚ್ಚು ತೂಕ ಆ ಕ್ಲಾಂಪಿನಿಂದ ನೇತಾಡುತ್ತಿರುತ್ತದೆ. ರ್‍ಯಾಚೆಟ್ಟಿನಲ್ಲಿ ನಟ್ಟು ಓಡಿಸಿ, ಟಕ್ಕೆಂದು ನಿಂತಿತು ಅಂತ ಕೈಬಿಟ್ಟು ಸರಪಳಿ ಇಳಿಸಬೇಡ. ಗಟ್ಟಿ ರಿಂಗ್ ಹಾಕಿ, ಎರಡೂ ಕಡೆಯ ಬೋಲ್ಟನ್ನು ಸಮವಾಗಿ ಬಿಗಿ ಮಾಡಿ, ಕ್ಲಾಂಪಿನ ಎರಡು ಹೋಳುಗಳ ನಡುವಿನ ಸಂದಿ ಎರಡೂ ಪಕ್ಕ ಒಂದೇ ಸಮ ಇದೆಯೇ ನೋಡಿ, ಆಮೇಲೆ ತೂಕ ಬಿಡು. ಕೆಳಗೆ ಪೈಪು ಜಾರಿ ಹೋದರೆ ರೈತನ ಬೋರೇ ಹೋಯಿತು. ಕ್ಲಾಂಪಿನ ಹತ್ತಿರ ಕೈ ಇಟ್ಟುಕೊಂಡವನ ಬೆರಳೂ ಹೋಗುತ್ತದೆ. ಪಂಪು ಮುಟ್ಟುವ ಮುಂಚೆ ಸ್ಟಾರ್ಟರಿನ ಫ್ಯೂಸು ಕಿತ್ತು ನಿನ್ನ ಜೇಬಿಗೆ ಹಾಕಿಕೊಳ್ಳುವುದನ್ನು ನಾನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಸುಲಿಯುವ ಯಂತ್ರಗಳು. ಅಲ್ಲಿ ದೊಡ್ಡ ನಟ್ಟು ಕಡಿಮೆ. ಗಾರ್ಡು, ಬೆಲ್ಟು, ಬೇರಿಂಗ್ ಮನೆ ಎಲ್ಲ ಹೆಚ್ಚಾಗಿ 10, 13ರಲ್ಲೇ ಮುಗಿಯುತ್ತದೆ. ಸುಗ್ಗಿಯಲ್ಲಿ ಯಂತ್ರ ನಿಂತರೆ ಬೇಗ ಬಿಚ್ಚಿ ಬೇಗ ಹಾಕುವವನಿಗೇ ಕರೆ ಬರುತ್ತದೆ. ಹೆದ್ದಾರಿಯ ಲಾರಿ ಕೆಲಸದಲ್ಲಿ ರ್‍ಯಾಚೆಟ್‌ಗೆ ಜಾಗ ಇರುವುದು ಎಂಜಿನ್ನಿನ ಸುತ್ತ, ರೇಡಿಯೇಟರ್, ಆಲ್ಟರ್ನೇಟರ್, ಸೈಲೆನ್ಸರ್ ಪಟ್ಟಿ ಇಂಥ ಕಡೆ. ಚಕ್ರದ ನಟ್ಟಿನ ಹತ್ತಿರ ಅದನ್ನು ತರಲೇಬೇಡ. ಅದಕ್ಕೆ ವೀಲ್ ಸ್ಪ್ಯಾನರ್ ಇದೆ.

ಇಷ್ಟು ನೋಡಿದ ಮೇಲೆ ಅಳತೆಯ ಲೆಕ್ಕ ತಾನಾಗಿ ಬರುತ್ತದೆ. ಎಂ6 ಬೋಲ್ಟಿನ ತಲೆ 10, ಎಂ8ರದು 13, ಎಂ10ರದು ನಮ್ಮ ಹಳೆಯ ಪದ್ಧತಿಯಲ್ಲಿ 17, ಎಂ12ರದು 19. ಜಪಾನ್ ಮೂಲದ ಬೈಕು, ಕಾರುಗಳಲ್ಲಿ ಎಂ8ಕ್ಕೆ 12, ಎಂ10ಕ್ಕೆ 14 ಬರುತ್ತದೆ. ಈಚಿನ ಗಾಡಿಗಳಲ್ಲಿ 16 ಮತ್ತು 18 ಕೂಡ ಕಾಣುತ್ತವೆ. ಹನ್ನೆರಡರ ಸೆಟ್ಟಿನಲ್ಲಿ 9, 11, 15 ಇರುತ್ತವೆ. ನಮ್ಮ ಕಡೆ ಅವು ಎಣ್ಣೆ ಮಾಸದೆ ಹೊಸದಾಗಿಯೇ ಉಳಿಯುತ್ತವೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ 8, 10, 12, 13, 14, 17, 19 ಈ ಏಳನ್ನು ಒಳ್ಳೆಯದರಲ್ಲಿ ತಗೋ. ಅಗ್ಗದ ಹನ್ನೆರಡಕ್ಕಿಂತ ಒಳ್ಳೆಯ ಏಳು ಮೇಲು. 22 ಮತ್ತು 24 ಬಿಡಿಯಾಗಿ ಸಿಕ್ಕರೆ ಬೇಕಾದಾಗ ಸೇರಿಸಿಕೋ. ಒಂದೇ ಹಿಡಿಯಲ್ಲಿ ನಾಲ್ಕು ಅಳತೆ ಇರುವವೂ ಬರುತ್ತವೆ, ಬೈಕಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹಳ್ಳಿಗೆ ಹೋಗಲು ಚೆನ್ನ. ಅವುಗಳ ತಲೆ ದಪ್ಪ, ಸಂದಿಗೆ ಹೋಗುವುದಿಲ್ಲ.

ಹಳೆಯ ಟ್ರ್ಯಾಕ್ಟರು, ಹಳೆಯ ಪಂಪುಗಳ ಕಡೆ ಹೋದಾಗ ಇಂಚಿನ ನಟ್ಟು ಎದುರಾಗುತ್ತದೆ. ದೇಶ ಮೆಟ್ರಿಕ್ ಅಳತೆಗೆ ಬಂದದ್ದು 1956ರ ಕಾಯ್ದೆಯ ಮೇಲೆ, ಆದರೆ ಇಂಚಿನಲ್ಲಿ ನಕ್ಷೆ ಬರೆದ ಯಂತ್ರಗಳು ಅದಾದ ಎಷ್ಟೋ ವರ್ಷ ತಯಾರಾಗುತ್ತಲೇ ಇದ್ದವು. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್, ಅದಕ್ಕೆ 19 ಸಾಮಾನ್ಯವಾಗಿ ನಡೆಯುತ್ತದೆ. ಅರ್ಧ ಇಂಚು 12.7. ಅದಕ್ಕೆ 13 ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಬಿದ್ದಾಗ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಒಂಬತ್ತು ಹದಿನಾರರ ಇಂಚು 14.29. 14 ಹತ್ತುವುದಿಲ್ಲ, 15 ಆಡುತ್ತದೆ. ಇಂಥ ಕಡೆ ರ್‍ಯಾಚೆಟ್ ಹಾಕಿ ಸಾಹಸ ಮಾಡಬೇಡ. ಇಂಚಿನ ಗಟ್ಟಿ ಸ್ಪ್ಯಾನರ್ ನಾಲ್ಕೈದು ಇಟ್ಟುಕೋ, ಸಾಕು.

ಎರಡೂ ಕಡೆ ತಿರುಗುವುದು ಬೇಕೇ, ಒಂದೇ ಕಡೆಯದು ಸಾಕೇ ಅನ್ನುವುದು ನಿನ್ನ ಮುಖ್ಯ ಪ್ರಶ್ನೆ. ಒಂದೇ ಕಡೆ ತಿರುಗುವುದರ ತಲೆ ತೆಳು, ಒಳಗೆ ಬಿಡಿಭಾಗ ಕಡಿಮೆ, ಬೆಲೆಯೂ ಕಡಿಮೆ. ದಿಕ್ಕು ಬದಲಿಸಬೇಕಾದರೆ ಸ್ಪ್ಯಾನರನ್ನೇ ಮಗುಚಿ ಹಾಕಬೇಕು. ಬಯಲಲ್ಲಿ ಅದೇನು ಕಷ್ಟವಲ್ಲ. ಸಂದಿಯಲ್ಲಿ ಏನಾಗುತ್ತದೆ ಹೇಳುತ್ತೇನೆ, ಗಮನವಿಟ್ಟು ಕೇಳು. ರೇಡಿಯೇಟರ್ ಪಕ್ಕದಲ್ಲಿ ಒಂದು ಉದ್ದ ಬೋಲ್ಟು ಬಿಚ್ಚುತ್ತಿದ್ದೀಯ ಅಂದುಕೋ. ರಿಂಗು ಬೋಲ್ಟಿನ ತಲೆಯ ಮೇಲಿದೆ, ಟಕಟಕ ಅಂತ ಬಿಚ್ಚಿಕೊಂಡು ಬರುತ್ತಿದೆ. ಬೋಲ್ಟು ಹೊರಬಂದಷ್ಟೂ ಅದರ ತಲೆ ಸ್ಪ್ಯಾನರನ್ನೂ ಜೊತೆಗೆ ದೂಡಿಕೊಂಡು ರೇಡಿಯೇಟರ್ ಕಡೆಗೆ ಬರುತ್ತದೆ. ಒಂದು ಹಂತದಲ್ಲಿ ಸ್ಪ್ಯಾನರ್ ಬೋಲ್ಟಿನ ತಲೆಗೂ ರೇಡಿಯೇಟರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮೇಲೆತ್ತಲು ಜಾಗವಿಲ್ಲ, ಮಗುಚಲು ಸಾಧ್ಯವಿಲ್ಲ, ಮುಂದೆ ಬಿಚ್ಚಿದರೆ ರೇಡಿಯೇಟರಿನ ರೆಕ್ಕೆಗಳು ಮಡಚುತ್ತವೆ. ಹಿಂದೆ ಬಿಗಿ ಮಾಡೋಣ ಅಂದರೆ ರ್‍ಯಾಚೆಟ್ ಆ ಕಡೆಗೆ ಬರೇ ಓಡುತ್ತದೆ. ರೇಡಿಯೇಟರನ್ನೇ ಬಿಚ್ಚಿ ಸ್ಪ್ಯಾನರನ್ನು ಹೊರತೆಗೆಯುವ ಗತಿ ಬರುತ್ತದೆ. ತಲೆಯ ಪಕ್ಕದಲ್ಲಿ ಪುಟ್ಟ ಲಿವರ್ ಇರುವ ಸ್ಪ್ಯಾನರಾದರೆ ಬೆರಳಿನಿಂದ ಅದನ್ನು ಈ ಕಡೆಗೆ ತಳ್ಳಿದರೆ ಆಯಿತು, ನಾಲ್ಕು ಸುತ್ತು ಹಿಂದೆ ಬಿಗಿದು ಹೊರಗೆ ತೆಗೆಯಬಹುದು. ಲಿವರಿಗೆ ಹೆಚ್ಚು ದುಡ್ಡು ಕೊಡುವುದು ಈ ಒಂದು ಗಳಿಗೆಗಾಗಿ. ಲಾರಿ, ಟ್ರ್ಯಾಕ್ಟರಿನ ಕೆಲಸ ಮಾಡುವ ನಿನಗೆ ಲಿವರ್ ಇರುವುದೇ ಬೇಕು ಅನ್ನುವುದು ನನ್ನ ತೀರ್ಮಾನ. ಆದರೂ ಬಿಚ್ಚುವ ಮೊದಲು ಎದುರಿನ ಜಾಗವನ್ನು ಬೋಲ್ಟಿನ ಉದ್ದದೊಂದಿಗೆ ಕಣ್ಣಳತೆ ಹಾಕುವ ರೂಢಿ ಇರಲಿ.

ಆ ಲಿವರನ್ನೇ ಮೊದಲು ಪರೀಕ್ಷೆ ಮಾಡು. ಎಣ್ಣೆ ಕೈಯಲ್ಲಿ ತಳ್ಳಲು ಬರಬೇಕು, ಆದರೆ ಎಲ್ಲಿಗಾದರೂ ತಗುಲಿದರೆ ತಾನೇ ಹೊರಳಬಾರದು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ 10, 13, 17, 19ರ ಹೊಸ ಬೋಲ್ಟು ನಟ್ಟು ಇಟ್ಟುಕೊಂಡು ಹೋಗು. ಸವೆದ ನಟ್ಟಿನ ಮೇಲೆ ಯಾವ ಸ್ಪ್ಯಾನರಿನ ಗುಣವೂ ತಿಳಿಯದು. ಹೊಸ ನಟ್ಟಿನ ಮೇಲೆ ರಿಂಗು ಒತ್ತಡವಿಲ್ಲದೆ ಇಳಿಯಬೇಕು, ಇಳಿದ ಮೇಲೆ ಕುಲುಕಬಾರದು. ಆಮೇಲೆ ನಟ್ಟನ್ನು ಬೋಲ್ಟಿಗೆ ಬೆರಳಿನಲ್ಲಿ ಎರಡೇ ಸುತ್ತು ಏರಿಸಿ, ಸ್ಪ್ಯಾನರ್ ಹಾಕಿ, ಹಿಂದಕ್ಕೆ ಎಳೆದು ನೋಡು. ನಟ್ಟು ನಿಂತಲ್ಲೇ ನಿಂತು ಹಿಡಿ ಮಾತ್ರ ಹಿಂದೆ ಬಂದರೆ ಒಳಗಿನ ಸ್ಪ್ರಿಂಗು ಹದವಾಗಿದೆ. ನಟ್ಟೂ ಜೊತೆಗೇ ಹಿಂದೆ ತಿರುಗಿದರೆ ಇಟ್ಟುಬಿಡು. ಸಡಿಲ ನಟ್ಟನ್ನು ಓಡಿಸಲು ಬಾರದ ರ್‍ಯಾಚೆಟ್ ಯಾತಕ್ಕೂ ಬಾರದು. ಮಾರುವವನು ಈ ಪರೀಕ್ಷೆಗೆ ಬಿಡದಿದ್ದರೆ ಬೇರೆ ಅಂಗಡಿ ನೋಡು. ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆ ಇದ್ದೇ ಇದೆ.

ಹಲ್ಲು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. 72, 90, 120 ಅಂತ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. 120 ಹಲ್ಲಿಗೆ 3 ಡಿಗ್ರಿ ಸಾಕು, ನಿಜ. ಆದರೆ ಹಲ್ಲು ಹೆಚ್ಚಿದಷ್ಟೂ ಒಂದೊಂದು ಹಲ್ಲೂ ಸಣ್ಣದು. ನುರಿತ ಕಂಪನಿ ನಾಲಿಗೆಯ ಹೆಚ್ಚು ಹಲ್ಲು ಒಟ್ಟಿಗೆ ಕಚ್ಚುವಂತೆ ಮಾಡಿ ಅದನ್ನು ಸರಿದೂಗಿಸುತ್ತದೆ, ಅಗ್ಗದ ಮಾಲಿನಲ್ಲಿ ಆ ಹಲ್ಲೇ ಮೊದಲು ಉದುರುವುದು. ನಮ್ಮ ಧೂಳಿನಲ್ಲಿ, ನಮ್ಮ ಭಾರದ ಕೆಲಸಕ್ಕೆ ಒಳ್ಳೆಯ 72 ಧಾರಾಳ ಸಾಕು. ಕ್ರೋಮ್ ವನಾಡಿಯಂ ಅಂತ ಅಚ್ಚು ಇದ್ದ ಮಾತ್ರಕ್ಕೂ ಮರುಳಾಗಬೇಡ, ಆ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು. ಉಂಗುರದ ಒಳಗೋಡೆ ನೋಡು. ಒಳ್ಳೆಯದರಲ್ಲಿ ಮೂಲೆಗಳು ತುಸು ಕೆತ್ತಿರುತ್ತವೆ, ಬಲ ನಟ್ಟಿನ ಮೂಲೆಗೆ ಬೀಳದೆ ಚಪ್ಪಟೆ ಮುಖಕ್ಕೆ ಬೀಳಲಿ ಅಂತ. ಉಂಗುರವನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಗಡಗಡ ಅಂದರೆ ಬೇಡ. ಅಳತೆಯ ಅಂಕಿ ಆಳವಾಗಿ ಅಚ್ಚಾಗಿರಬೇಕು, ಮಂದ ಬೆಳಕಲ್ಲಿ ಬೆರಳಿಗೇ ಗೊತ್ತಾಗುವಷ್ಟು.

ಪಟ್ಟಿಯಲ್ಲಿ ಮೊದಲನೆಯದು ಅಂದೆನಲ್ಲ, ಆ ಗಟ್ಟಿ ರಿಂಗಿಗೆ ಮಾತ್ರ ನಮ್ಮ ದೇಶದ ಮಾಲು ಎಲ್ಲೂ ಕಡಿಮೆಯಿಲ್ಲ. ನಾಸಿಕ್‌ನ ಟಪಾರಿಯಾ ಇದೆ, ಜಲಂಧರ್, ಲೂಧಿಯಾನದ ಕಾರ್ಖಾನೆಗಳಿವೆ. ರಿಂಗಿಗೆ ಐಎಸ್ 2029, ಬಾಯಿ ಸ್ಪ್ಯಾನರಿಗೆ ಐಎಸ್ 2028 ಅನ್ನುವ ಮಾನಕ ಇದೆ, ಕೇಳಿ ತಗೋ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಮಾರುವ ನಕಲಿ ಮಾಲು ಸಂತೆಯಲ್ಲೂ ಬರುತ್ತದೆ, ಫೋನಿನಲ್ಲಿ ತರಿಸುವುದರಲ್ಲೂ ಬರುತ್ತದೆ. ಬಿಲ್ ಇಲ್ಲದೆ ತರಬೇಡ. ರ್‍ಯಾಚೆಟ್ ಹಾಳಾದರೆ ಬದಲಿಸಿಕೊಡುವ ಕಂಪನಿಗಳೂ ಬಿಲ್ಲನ್ನೇ ಕೇಳುತ್ತವೆ.

ಇನ್ನು ಬಳಸುವ ರೀತಿ. ಹಿಡಿಗೆ ಪೈಪು ತೂರಿಸಬೇಡ. 13ರ ರ್‍ಯಾಚೆಟ್ ಸ್ಪ್ಯಾನರ್ ಸುಮಾರು 18 ಸೆಂಟಿಮೀಟರ್ ಉದ್ದ ಇರುತ್ತದೆ. ಎಂ8 ಬೋಲ್ಟಿಗೆ ಬೇಕಾದ ಬಿಗಿ ಸುಮಾರು 25 ನ್ಯೂಟನ್ ಮೀಟರ್. ಆ ಉದ್ದದ ಹಿಡಿಯ ತುದಿಯಲ್ಲಿ ಹದಿನೈದು ಕಿಲೋದಷ್ಟು ಎಳೆದರೆ ಅದು ಬಂದುಬಿಡುತ್ತದೆ. ಪೈಪು ಹಾಕಿ ಉದ್ದವನ್ನು ಎರಡು ಪಟ್ಟು ಮಾಡಿದರೆ ಅದೇ ಎಳೆತಕ್ಕೆ ನಾಲಿಗೆಯ ಮೇಲೆ ಎರಡು ಪಟ್ಟು ಬಲ. ಹಲ್ಲು ಹಾರಿದಾಗ ಮೊದಲು ಪೆಟ್ಟಾಗುವುದು ನಿನ್ನ ಗೆಣ್ಣಿಗೆ. ಸುತ್ತಿಗೆಯ ಏಟಂತೂ ಕೂಡದು. ಜಾಮ್ ಆದ ನಟ್ಟಿಗೆ ಆರು ಮೂಲೆಯ ಸಾಕೆಟ್ಟು, ಉದ್ದ ಹಿಡಿ, ಎಣ್ಣೆ, ಸ್ವಲ್ಪ ತಾಳ್ಮೆ. ಹೆಚ್ಚಿನ ರ್‍ಯಾಚೆಟ್ ರಿಂಗುಗಳು ಹನ್ನೆರಡು ಮೂಲೆಯವು, ಅರೆಸವೆದ ನಟ್ಟಿನ ಮೇಲೆ ಅವು ಜಾರುತ್ತವೆ. ಹೆಡ್ಡು, ಬೇರಿಂಗ್ ಕ್ಯಾಪು ಇಂಥ ಕಡೆ ಕೊನೆಯ ಬಿಗಿಗೆ ಟಾರ್ಕ್ ರೆಂಚು ಬಿಟ್ಟು ಬೇರೆ ಏನನ್ನೂ ನಂಬಬೇಡ.

ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಕೆಲಸಕ್ಕೂ ಅರ್ಜಿ ಹಾಕಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಅಲ್ಲಿ ಸಾಮಾನು ಕಂಪನಿಯೇ ಕೊಡುತ್ತದೆ, ದೊಡ್ಡ ಬೋಲ್ಟುಗಳಿಗೆ ಹೈಡ್ರಾಲಿಕ್ ಯಂತ್ರ ಇರುತ್ತದೆ. ಅಲ್ಲಿಗೆ ಹೋದರೆ ಒಂದನ್ನು ಮಾತ್ರ ಮರೆಯಬೇಡ: ಪ್ರತಿ ಸ್ಪ್ಯಾನರಿಗೂ ಹಗ್ಗ ಕಟ್ಟಿರಲಿ, ಹಗ್ಗದ ಇನ್ನೊಂದು ತುದಿ ನಿನ್ನ ಬೆಲ್ಟಿನಲ್ಲಿರಲಿ. ಅಷ್ಟು ಎತ್ತರದಿಂದ ಬಿದ್ದ 13ರ ಸ್ಪ್ಯಾನರ್ ಕೆಳಗೆ ನಿಂತವನ ಜೀವ ತೆಗೆಯುತ್ತದೆ.

ಧೂಳು ರ್‍ಯಾಚೆಟ್ಟಿನ ಶತ್ರು. ಹೊಳಲ್ಕೆರೆ ಕಡೆ ಅದಿರಿನ ಲಾರಿ ಓಡಾಡುವ ದಾರಿಯ ಕೆಂಪು ಧೂಳು ಹಿಟ್ಟಿನ ಹಾಗೆ ನುಣ್ಣಗೆ ಒಳಗೆ ಸೇರಿ ಎಣ್ಣೆಯ ಜೊತೆ ಅರೆಯುವ ಪೇಸ್ಟಾಗುತ್ತದೆ. ಸಾಯಂಕಾಲ ಬಟ್ಟೆಯಲ್ಲಿ ಒರೆಸಿ ಸುರುಳಿ ಚೀಲದಲ್ಲಿ ಸುತ್ತಿಡು. ಬಿಡಿಭಾಗ ತೊಳೆಯುವ ಸೀಮೆಎಣ್ಣೆ ತಟ್ಟೆಯಲ್ಲಿ ರಾತ್ರಿಯಿಡೀ ಮುಳುಗಿಸಿ ಇಡುವವರನ್ನು ಕಂಡಿದ್ದೇನೆ. ಒಳಗಿನ ಜಿಡ್ಡೆಲ್ಲ ತೊಳೆದುಹೋಗಿ ತಟ್ಟೆಯ ಕೊಳೆ ಒಳಗೆ ಕೂರುತ್ತದೆ. ಧೂಳು ಸೇರಿ ಸದ್ದು ಮಂಕಾದಾಗ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಉಂಗುರವನ್ನು ಎರಡೂ ಕಡೆ ತಿರುಗಿಸಿ, ಗಾಳಿ ಹಿಡಿದು ಊದಿ, ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಎರಡು ತೊಟ್ಟು ಬಿಡು. ಬೇರಿಂಗಿಗೆ ಹಾಕುವ ದಪ್ಪ ಗ್ರೀಸು ಒತ್ತಿ ತುಂಬಬೇಡ. ಗ್ರೀಸಿನಲ್ಲಿ ನಾಲಿಗೆ ಅಂಟಿಕೊಂಡು ನಿಂತರೆ ಹಲ್ಲಿನ ತುದಿಯಷ್ಟೇ ಕಚ್ಚುತ್ತದೆ, ಬಲ ಹಾಕಿದಾಗ ಜಾರುತ್ತದೆ.

ಟಕಟಕ ಸದ್ದಿನ ನಡುವೆ ಒಂದು ಹಲ್ಲು ಬಿಟ್ಟು ಹಾರಿದ ಹಾಗೆ ಕೇಳಿದ ದಿನ ಆ ಸ್ಪ್ಯಾನರನ್ನು ಪೆಟ್ಟಿಗೆಯಿಂದ ಹೊರಗೆ ಇಡು. ಕೆಲವು ಕಂಪನಿಗಳು ಒಳಗಿನ ಉಂಗುರ, ನಾಲಿಗೆ, ಸ್ಪ್ರಿಂಗು ಬಿಡಿಯಾಗಿ ಕೊಡುತ್ತವೆ, ಕೊಳ್ಳುವಾಗಲೇ ವಿಚಾರಿಸಿಕೊಂಡಿರು. ಬಿಡಿಭಾಗ ಸಿಗದಿದ್ದರೆ ಅದರ ಇನ್ನೊಂದು ತುದಿಯ ಬಾಯಿ ಮಾತ್ರ ಬಳಸು. ಹಲ್ಲಿನ ಕಡೆಗೆ ಬಣ್ಣ ಬಳಿದು ಗುರುತು ಮಾಡು. ನಿನಗೆ ಗೊತ್ತಿರುತ್ತದೆ, ನಿನ್ನ ಹತ್ತಿರ ಕೆಲಸ ಕಲಿಯಲು ಬಂದ ಹುಡುಗನಿಗೆ ಗೊತ್ತಿರುವುದಿಲ್ಲ.